ಮೈಸೂರು ಹಡಗಿನ ನಾಲ್ಕನೆಯ ಟರೆಟ್

"ನಮ್ಮ ಅಳಿಯಂದಿರು ಹಡಗಿನ ಇಂಜಿನಿಯರು. ಸಮುದ್ರದ ನೀರು ಉಪ್ಪಾ ಅಂತ ಮಾತ್ರ ಕೇಳ್ಬೇಡಿ, ಕ್ಯಾಲ್ಕುಲೇಟರ್ ತೆಗೀತಾರೆ!"

ದ್ವಾರಕನಾಥರು ಈ ಮಾತನ್ನು ಮೊದಲು ಆಡಿದ್ದು ಮಗಳು ಶೋಭಾಳ ಮದುವೆಯ ಬೀಗರೂಟದಲ್ಲಿ. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು, ಅಳಿಯ ಬದರೀನಾಥನೂ ನಕ್ಕ. ಆಮೇಲೆ ನಾಮಕರಣಕ್ಕೆ, ಗೃಹಪ್ರವೇಶಕ್ಕೆ, ಫೋನಿನಲ್ಲಿ, ಸಿಂಗಪುರದ ಯುಗಾದಿ ಊಟದಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ ಅದೇ ಮಾತು. ಬದರಿ ಪ್ರತಿ ಸಲವೂ ನಕ್ಕ. ಹಾಗೆ ನಗುವವರ ಬಗ್ಗೆ ಸ್ವಲ್ಪ ಹುಷಾರಾಗಿರಬೇಕು.

ಮಾವನಿಗೆ ಹಾಗೆ ಅನ್ನುವ ಹಕ್ಕಿದೆ ಎಂದೇ ಎಲ್ಲರೂ ತಿಳಿದಿದ್ದರು. ಅವರು ಐಎನ್‌ಎಸ್ ಮೈಸೂರಿನಲ್ಲಿ ಇದ್ದವರಂತೆ. ಬ್ರಿಟಿಷರು ಕಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಓಡಿಸಿ, ಆಮೇಲೆ ಭಾರತಕ್ಕೆ ಮಾರಿದ ಲೈಟ್ ಕ್ರೂಸರ್ ಅದು. ಯುದ್ಧನೌಕೆಗೆ ನಮ್ಮೂರ ಹೆಸರು ಎನ್ನುವುದೇ ಮೈಸೂರಿನವರಿಗೆ ಒಂದು ಹೋಳಿಗೆ ತಿಂದ ಹಾಗೆ. ಅದರಲ್ಲಿ ತೋಪು ಹಾರಿಸಿದವರೇ ಎದುರಿಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದರೆ ಕೇಳಬೇಕೆ? ನೇವಿ ಬಿಟ್ಟ ಮೇಲೆ ಮುಂಬಯಿಯ ಬಟ್ಟೆ ಗಿರಣಿಯಲ್ಲಿ ಗುಮಾಸ್ತರಾದರಂತೆ, ರಿಟೈರಾಗಿ ಮೈಸೂರಿಗೆ ಬಂದರಂತೆ. ಸಿಂಗಪುರದ ಕನ್ನಡಿಗರಿಗೆ ಅವರು 'ನೇವಿ ಅಂಕಲ್'. ಬದರಿ ಇಲ್ಲಿ ಎಷ್ಟೋ ವರ್ಷದಿಂದ ಇದ್ದವನು, ಟುವಾಸಿನ ಶಿಪ್‌ಯಾರ್ಡಿನಲ್ಲಿ ಹಡಗುಗಳು ಮಗುಚದಂತೆ ತೂಕದ ಲೆಕ್ಕ ಹಾಕುವವನು. ಈಗ ಅವನು 'ನೇವಿ ಅಂಕಲ್ ಅಳಿಯ' ಆದ.

ಅತ್ತೆ ತೀರಿಕೊಂಡ ಮೇಲೆ ಮಾವ ಮೈಸೂರಿನ ಬಾಡಿಗೆ ಮನೆ ಖಾಲಿ ಮಾಡಿ ಸಿಂಗಪುರದ ಸೆಂಗ್‌ಕಾಂಗಿನಲ್ಲಿದ್ದ ಬದರಿಯ ಫ್ಲ್ಯಾಟಿಗೆ ಬಂದಿದ್ದರು. ಮೊಮ್ಮಗಳು ಸಿಂಚನಾಳ ಕೋಣೆಯಲ್ಲಿ ಎರಡಂತಸ್ತಿನ ಮಂಚ; ಕೆಳಗೆ ತಾತ, ಮೇಲೆ ಅವಳು. ಮಲಗುವ ಹೊತ್ತಿಗೆ ಮೇಲಿನಿಂದ ಒಂದು ತಲೆ ಬಗ್ಗುತ್ತಿತ್ತು, ಎರಡು ಜಡೆ ಇಳಿಬೀಳುತ್ತಿದ್ದವು.

"ತಾತ, ಶಿಪ್ ಸ್ಟೋರಿ. ಫಾಸ್ಟ್ ಲಾ!" ಸಿಂಗಪುರದ ಮಕ್ಕಳ ಮಾತಿನ ಕೊನೆಗೆ ಒಂದು 'ಲಾ' ಇದ್ದೇ ಇರುತ್ತದೆ.

ಆ ಎರಡು ಜಡೆಗಳಿಗಾಗಿ ದ್ವಾರಕನಾಥರು ಏನು ಬೇಕಾದರೂ ಮಾಡುತ್ತಿದ್ದರು. ಅಳಿಯನನ್ನು ಹಂಗಿಸುವುದನ್ನು ಬಿಡುವುದೊಂದನ್ನು ಬಿಟ್ಟು. ಅವರು ಸಿಂಗಪುರದಲ್ಲಿ ಇರಲು ಬೇಕಾದ ವಿಸಿಟ್ ಪಾಸು ದಸರಾ ಕಳೆದ ಮೇಲೆ ಮುಗಿಯುತ್ತಿತ್ತು. ಮುಂದುವರಿಸಲು ಬದರಿಯೇ ಸಹಿ ಹಾಕಬೇಕು. ಶೋಭಾ ಕೇಳಿದಾಗಲೆಲ್ಲ ಅವನು "ನೋಡೋಣ ಕಣೇ" ಎನ್ನುತ್ತಿದ್ದ. ಸಿಂಚನಾಗೆ ತಾತ ಬೇಕು ಅನ್ನುವುದೊಂದೇ ಶೋಭಾಳ ಕೈಲಿದ್ದ ವಾದ.

ಆ ವರ್ಷ ಶೋಭಾ ಗೊಂಬೆ ಕೂರಿಸುವಾಗ ಎಲ್ಲ ಮೈಸೂರಿನದೇ ಇರಲಿ ಎಂದುಕೊಂಡಳು. ಪಟ್ಟದ ಗೊಂಬೆಗಳು, ಶೆಟ್ಟಿ ಅಂಗಡಿ, ಅರಮನೆ, ಅಂಬಾರಿ. ಬದರಿ ಒಂದು ದಿನ ದೊಡ್ಡ ಡಬ್ಬಿ ತಂದು ಊಟದ ಮೇಜಿನ ಮೇಲಿಟ್ಟ.

"ತುಂಡು ತುಂಡು ಜೋಡಿಸೋ ಹಡಗಿನ ಕಿಟ್ಟು. ಐಎನ್‌ಎಸ್ ಮೈಸೂರಿನ ಮಾದರಿಯದೇ, ಅದೇ ಕ್ಲಾಸಿನ ಬ್ರಿಟಿಷ್ ಹಡಗು, ಅಂಟಿಸಿ ನಮ್ಮ ಮೈಸೂರು ಮಾಡ್ತೀನಿ. ಗೊಂಬೆ ಜೊತೆ ಇಡೋಣ."

ಡಬ್ಬಿಯ ಮೇಲೆ ಅಲೆ ಸೀಳಿ ಬರುವ ಹಡಗಿನ ಚಿತ್ರ. ಮೂರು ಮೂರು ತೋಪುಗಳು ಕೂತು ತಿರುಗುವ ಉಕ್ಕಿನ ಗೂಡಿಗೆ ಟರೆಟ್ ಅನ್ನುತ್ತಾರೆ. ಚಿತ್ರದಲ್ಲಿ ಅಂಥವು ನಾಲ್ಕು: ಮುಂದೆರಡು, ಹಿಂದೆರಡು. ಹಿಂದಿನವುಗಳಲ್ಲಿ ಒಂದು ಕೆಳಗೆ, ಇನ್ನೊಂದು ಎತ್ತರದಲ್ಲಿ ಅದರ ತಲೆಯ ಮೇಲಿಂದ ಇಣುಕುವ ಹಾಗೆ. ದ್ವಾರಕನಾಥರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅಲ್ಲಿಯವರೆಗೆ ಅವರು "ತೋಪಿನ ಡಿಪಾರ್ಟ್‌ಮೆಂಟು" ಎಂದಷ್ಟೇ ಹೇಳುತ್ತಿದ್ದರು. ಈಗ ಬೆರಳು ಎತ್ತರದ ಟರೆಟ್ಟಿನ ಮೇಲೆ ಹೋಗಿ ನಿಂತಿತು.

"ಇದೇ ನೋಡು ಪುಟ್ಟಿ, ಇದೇ ನಂದು. ಇದರೊಳಗೇ ನಿನ್ನ ತಾತ."

"ವಾವ್! ದ ಹೈ ಒನ್?"

"ಮತ್ತೆ? ಕೆಳಗಿಂದು ಯಾರಿಗೆ ಬೇಕು?"

ಸಾರು ಬಡಿಸುತ್ತಿದ್ದ ಬದರಿಯ ಸೌಟು ಒಂದು ಗಳಿಗೆ ನಿಂತಿತು. ಆ ಎತ್ತರದ ಟರೆಟ್ ಭಾರತದ ಮೈಸೂರಿನಲ್ಲಿ ಇರಲೇ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಹಡಗು ನಮ್ಮ ಬಾವುಟ ಹಾರಿಸಿದಾಗ ಅದರಲ್ಲಿದ್ದದ್ದು ಮೂರೇ. ಅಲ್ಲಿ ಒಂದು ವಾರ ಮಲಗೆದ್ದವನೂ ಹೇಳುತ್ತಿದ್ದ ಸಂಗತಿ.

"ಮಾವ, ಇನ್ನೊಂದು ಸೌಟು ಹಾಕ್ಲಾ?" ಎಂದ.

ಅಂದಿನಿಂದ ಅವನು ಒಳ್ಳೆಯ ಅಳಿಯನಾದ. ಟುವಾಸಿನಿಂದ ಸುಸ್ತಾಗಿ ಬಂದರೂ ಮಾವನ ಪಕ್ಕ ಕೂರುತ್ತಿದ್ದ.

"ಅದರೊಳಗೆ ತುಂಬ ಸೆಕೆ ಇರ್ತಿತ್ತಾ ಮಾವ?"

"ಸೆಕೆನಾ? ದೋಸೆ ಹುಯ್ಕೋಬಹುದಾಗಿತ್ತು!"

"ಬಾಗಿಲು ಯಾವ ಕಡೆ?"

"ಹಿಂದೆ. ಬಗ್ಗಿ ಹೋಗ್ಬೇಕು. ನಿನ್ನ ಹೊಟ್ಟೆಗೆ ಆಗ್ತಿರ್ಲಿಲ್ಲ ಬಿಡು."

"ಅಲ್ಲಿಂದ ಕೆಳಗಿನ ಟರೆಟ್ ಕಾಣ್ತಿತ್ತಾ?"

"ಕಾಣ್ದೆ? ಅಲ್ಲಿದ್ದ ಪಂಜಾಬಿ ಮೇಲೆ ನಾನು ಕಡಲೆಕಾಯಿ ಸಿಪ್ಪೆ ಹಾಕ್ತಿದ್ದೆ!"

ಸಿಂಚನಾ ಬಿದ್ದು ಬಿದ್ದು ನಗುತ್ತಿದ್ದಳು. ಬದರಿ ಕೇಳಿದಷ್ಟೂ ಮಾವ ಬೆಳೆದರು. ಆ ಟರೆಟ್ಟಿಗೆ ಅಡ್ಡಹೆಸರು ಬಂತು, ಆಯುಧಪೂಜೆ ಬಂತು, ಎಪ್ಪತ್ತೊಂದರ ಯುದ್ಧದಲ್ಲಿ ಕಿವಿಯಿಂದ ರಕ್ತ ಬಂತು. ಸಿಂಚನಾ ಅದನ್ನೆಲ್ಲ ಸ್ಕೂಲಿನಲ್ಲಿ ಇಡೀ ಕ್ಲಾಸಿನ ಮುಂದೆ ನಿಂತು ಹೇಳಿ ಚಪ್ಪಾಳೆ ಹೊಡೆಸಿಕೊಂಡು ಬಂದಳು. ಆ ದಿನ ಬದರಿ ಅವಳಿಗೆ ಐಸ್‌ಕ್ರೀಂ ಕೊಡಿಸಿದ.

ಶೋಭಾಗೆ ಏನೋ ಸರಿಯಿಲ್ಲ ಅನ್ನಿಸಿತು. "ಏನ್ರೀ ಇದು, ಅಪ್ಪನ ಮೇಲೆ ಇಷ್ಟು ಪ್ರೀತಿ?"

"ವಯಸ್ಸಾದವರು. ಹೇಳ್ಕೊಂಡು ಖುಷಿ ಪಡ್ಲಿ ಬಿಡು."

ಹಡಗನ್ನು ಅವನು ಕಟ್ಟಿದ್ದು, ಯುದ್ಧ ಬಂದರೆ ಅಡಗಲು ಎಂದು ಸಿಂಗಪುರದ ಫ್ಲ್ಯಾಟುಗಳಲ್ಲಿ ಕಟ್ಟಿರುವ ಬಾಂಬ್ ಶೆಲ್ಟರಿನಲ್ಲಿ. ಎಲ್ಲರ ಮನೆಯಲ್ಲೂ ಅದು ಅಕ್ಕಿ ಮೂಟೆ, ಸೂಟ್‌ಕೇಸು ತುಂಬುವ ಕೋಣೆ. ಕಬ್ಬಿಣದ ಬಾಗಿಲು ಹಾಕಿಕೊಂಡು, "ಸರ್‌ಪ್ರೈಸ್, ಯಾರೂ ನೋಡ್ಬಾರ್ದು" ಎಂದು ಒಳಗೆ ಕೂರುತ್ತಿದ್ದ. ನಿಜವಾದ ಹಡಗಿಗೆ ಯುದ್ಧ ಏನೇನು ಮಾಡಿತೋ ಅದನ್ನೆಲ್ಲ ಕಿಟ್ಟಿನ ಹಡಗಿಗೆ ತಾನೂ ಮಾಡಿದ. ನಡುವೆ ಇದ್ದ ಪುಟ್ಟ ವಿಮಾನ ಕಿತ್ತ, ಅದನ್ನು ಚಿಮ್ಮಿಸುವ ಹಳಿ ಕಿತ್ತ. ರಡಾರ್ ಅಂಟಿಸಿದ. ವಿಮಾನ ಹೊಡೆಯುವ ಸಣ್ಣ ತೋಪುಗಳನ್ನು ಒಂದೊಂದಾಗಿ ಚಿಮಟದಲ್ಲಿ ಹಿಡಿದು ಕೂರಿಸಿದ. ಎತ್ತರದ ಟರೆಟ್ಟನ್ನು ಮಾತ್ರ ಚೆನ್ನಾಗಿ ಬಣ್ಣ ಹಚ್ಚಿ ಬೇರೆ ಎತ್ತಿಟ್ಟ.

ದಸರೆಯ ಆ ಸಂಜೆ ಮನೆ ತುಂಬಿತ್ತು. ಯೂನಿವರ್ಸಿಟಿಯಲ್ಲಿ ಪಾಠ ಹೇಳುವ ಪಟ್ಟಾಭಿರಾಮ, ಅವರ ಹೆಂಡತಿ ಕೌಸಲ್ಯಾ, ಟ್ಯಾಂಪಿನೀಸಿನಿಂದ ಬಂದ ಬ್ಯಾಂಕಿನ ಸುಭಾಷ್, ಇನ್ನೂ ಕೆಲವರು. ಕಡಲೆ ಉಸಲಿ ಹಂಚಿದ್ದಾಯಿತು, ಗೊಂಬೆಗೆ ಹಾಡಿದ್ದಾಯಿತು. ಕೆಳಗಿನ ಮೆಟ್ಟಿಲಲ್ಲಿ ರೇಷ್ಮೆ ಶಲ್ಯ ಹೊದ್ದುಕೊಂಡು ಏನೋ ಉದ್ದಕ್ಕೆ ಮಲಗಿತ್ತು.

"ಮೊದಲು ಮಾವ ಕಥೆ ಹೇಳ್ಲಿ," ಎಂದ ಬದರಿ.

ಕರೆಯುವುದನ್ನೇ ಕಾಯುತ್ತಿದ್ದರು ದ್ವಾರಕನಾಥರು. ಹೊಸ ಜರತಾರಿ ಪಂಚೆ ಸರಿ ಮಾಡಿಕೊಂಡು, "ನಮ್ಮ ಅಳಿಯಂದಿರು ಹಡಗಿನ ಇಂಜಿನಿಯರು," ಎಂದು ಶುರು ಮಾಡಿದರು. ಕ್ಯಾಲ್ಕುಲೇಟರಿಗೆ ಎಲ್ಲರೂ ನಕ್ಕರು. ಆಮೇಲೆ ಟರೆಟ್ಟು, ದೋಸೆ, ಪಂಜಾಬಿ, ಕಿವಿಯ ರಕ್ತ. ಕೌಸಲ್ಯಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬದರಿ ಎದ್ದು ಬೆಳ್ಳಿ ತಟ್ಟೆಯೊಂದನ್ನು ತಂದ. ಅರಿಶಿನ, ಕುಂಕುಮ, ಎರಡು ಹೂವು, ನಡುವೆ ಹೆಬ್ಬೆರಳಿನಷ್ಟು ದೊಡ್ಡ ಟರೆಟ್, ಮೂರು ತೋಪುಗಳ ಸಮೇತ.

"ಮಾವ, ಇದೊಂದನ್ನ ನಾನು ಅಂಟಿಸಿಲ್ಲ. ಇದು ನಿಮ್ಮ ಜಾಗ, ನೀವೇ ಕೂರಿಸ್ಬೇಕು. ಸಿಂಚು, ಶಲ್ಯ ತೆಗಿ."

ಸಿಂಚನಾ ಶಲ್ಯ ಎಳೆದಳು. "ಆಹಾ!" ಎಂದರು ಎಲ್ಲರೂ. ದ್ವಾರಕನಾಥರು ಟರೆಟ್ಟನ್ನು ಕಣ್ಣಿಗೊತ್ತಿಕೊಂಡು ಬಗ್ಗಿದರು. ಕೈ ಹಡಗಿನ ಹಿಂಭಾಗಕ್ಕೆ ಹೋಯಿತು. ಅಲ್ಲಿ ಕೆಳಗಿನ ಟರೆಟ್ ಇತ್ತು. ಅದರ ಮೇಲಿನ ಕಟ್ಟೆಯಲ್ಲಿ ಸಣ್ಣ ತೋಪುಗಳು ಕೂತಿದ್ದವು. ಜಾಗವಿರಲಿಲ್ಲ. ಮುಂದಕ್ಕೆ ಹೋದರು. ಹೊಗೆಗೊಳವೆ. ಮತ್ತೆ ಹಿಂದಕ್ಕೆ ಬಂದರು.

"ಏನೋ ತಪ್ಪು ಮಾಡಿದ್ದೀಯಲ್ಲೋ ಬದರಿ. ಇಲ್ಲಿ ಏನೇನೋ ಅಂಟಿಸಿಬಿಟ್ಟಿದ್ದೀಯ."

"ಸರಿಯಾಗಿ ನೋಡಿ ಮಾವ. ನೀವಿದ್ದ ಹಡಗಲ್ವಾ?"

"ಇಲ್ಲೇ... ಇಲ್ಲೇ ಇತ್ತು."

"ತಾತ, ಪುಟ್ ಲಾ! ಎವ್ರಿಬಡಿ ವೇಯ್ಟಿಂಗ್!"

ಬದರಿ ಅವರ ಪಕ್ಕಕ್ಕೆ ಬಂದು, ಮಕ್ಕಳಿಗೆ ಪಾಠ ಹೇಳುವವನ ದನಿಯಲ್ಲಿ ಎಲ್ಲರ ಕಡೆ ತಿರುಗಿದ. "ಮೂವತ್ತರ ದಶಕದಲ್ಲಿ ದೇಶದೇಶಗಳ ಮಧ್ಯೆ ಒಪ್ಪಂದ ಆಗಿತ್ತು, ಕ್ರೂಸರ್ ಎಂಟು ಸಾವಿರ ಟನ್ ಮೀರ್ಬಾರ್ದು ಅಂತ. ಬ್ರಿಟಿಷರು ಅಷ್ಟರಲ್ಲೇ ಹನ್ನೆರಡು ದೊಡ್ಡ ತೋಪು ತುರುಕಿದ್ರು. ಆಮೇಲೆ ಯುದ್ಧ ಬಂತು, ಮೇಲಿಂದ ವಿಮಾನಗಳು ಬಂದ್ವು. ರಡಾರ್ ಏರಿಸು, ಸಣ್ಣ ತೋಪು ಏರಿಸು, ಎಲ್ಲ ಮೇಲೆ ಮೇಲೆ. ತಲೆಭಾರ ಆಗಿಹೋಯ್ತು. ಹಡಗು ಮಗುಚ್ಬಾರ್ದು ಅಂದ್ರೆ ಏನಾದ್ರೂ ಇಳಿಸ್ಬೇಕಲ್ಲ? ಈ ಕ್ಲಾಸಿನ ಹಡಗುಗಳಿಂದ ಒಂದೊಂದಾಗಿ ಇದನ್ನೇ ಕಿತ್ತು ಹಾಕಿದ್ರು." ಮಾವನ ಕೈಲಿದ್ದ ಟರೆಟ್ಟನ್ನು ತೋರಿಸಿದ. "ಮೈಸೂರು ಭಾರತಕ್ಕೆ ಬರೋವಾಗ ಮೂರೇ ಟರೆಟ್. ಮಾವ ಅದ್ಯಾವುದರಲ್ಲಿ ಕೂತು ದೋಸೆ ಹುಯ್ದ್ರೋ, ಅವರೇ ಹೇಳ್ಬೇಕು."

ದ್ವಾರಕನಾಥರು ಟರೆಟ್ಟನ್ನು ಅಂಗೈಯಲ್ಲಿ ತಿರುಗಿಸಿದರು.

"ನಮ್ಮ ಕಾಲಕ್ಕೆ... ವಾಪಸ್ ಹಾಕಿದ್ರು."

"ನೂರು ಟನ್ನಿನ ಮೇಲಿರೋದನ್ನ? ಸ್ಕ್ರೂ ಹಾಕಿಬಿಟ್ರಾ ಮಾವ?"

ಮೊದಲು ಸುಭಾಷ್ ನಕ್ಕ. "ಅಂಕಲ್, ಹಾಗಾದ್ರೆ ಆ ಪಂಜಾಬಿ ಮೇಲೆ ಸಿಪ್ಪೆ ಹಾಕಿದ್ದು ಗಾಳಿಯಿಂದಾನಾ?" ಪಟ್ಟಾಭಿರಾಮರು ಕೆಮ್ಮಿದರು, ತಡೆಯಲಾಗಲಿಲ್ಲ, ಅವರೂ ನಕ್ಕರು. ಆಮೇಲೆ ಎಲ್ಲರೂ. ಕೌಸಲ್ಯಾ "ಛೆ, ಪಾಪ, ಸುಮ್ನಿರ್ರೀ" ಎನ್ನುತ್ತಲೇ ಬಾಯಿಗೆ ಸೆರಗು ಒತ್ತಿಕೊಂಡರು. ಬದರಿ ಮಾತ್ರ ನಗಲಿಲ್ಲ. ಇಷ್ಟು ವರ್ಷದಲ್ಲಿ ಅವನು ನಗದೆ ಇದ್ದದ್ದು ಅದೊಂದೇ ಸಲ.

ಸಿಂಚನಾ ತಾತನ ಮುಖ ನೋಡುತ್ತಿದ್ದಳು. "ತಾತ, ಯು ಬ್ಲಫ್ ಮೀ?" ಎಂದಳು. "ಐ ಟೋಲ್ಡ್ ದ ಹೋಲ್ ಕ್ಲಾಸ್, ತಾತ."

ಅತಿಥಿಗಳು ಹೋದ ಮೇಲೆ ಅಡುಗೆಮನೆಯಲ್ಲಿ ಶೋಭಾ ಪಾತ್ರೆಗಳನ್ನು ದಡದಡ ಇಟ್ಟಳು.

"ಒಬ್ಬರೇ ಇದ್ದಾಗ ಹೇಳ್ಬಹುದಿತ್ತು. ಮಗು ಮುಂದೆ ಯಾಕೆ?"

"ಅವರು ನಂಗೆ ಒಬ್ಬನೇ ಇದ್ದಾಗ ಹೇಳ್ತಿದ್ರಾ?"

"ನಂಗೆ ಗೊತ್ತಿತ್ತು ಕಣ್ರೀ." ಅವಳ ದನಿ ಇಳಿಯಿತು. "ಮುಂಬಯಿಯಲ್ಲಿ ನೇವಿ ಡೇ ದಿನ ಎಲ್ಲರನ್ನೂ ಹಡಗಿಗೆ ಬಿಡ್ತಿದ್ರು. ನಾನು ಚಿಕ್ಕೋಳಿದ್ದಾಗ ಅಪ್ಪ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಕ್ಯೂನಲ್ಲಿ ನಿಂತಿದ್ರು. ಒಳಗೆ ಒಬ್ಬ ಸೈಲರ್ ಹತ್ರ ಸಾರ್ ಸಾರ್ ಅಂತ ಏನೇನೋ ಕೇಳಿದ್ರು. ಹಿಂದೆ ನೇವಿಗೆ ಸೇರೋಕೆ ಹೋಗಿದ್ರಂತೆ, ಕಣ್ಣು ಸರಿ ಇಲ್ಲ ಅಂತ ಕಳಿಸಿದ್ರಂತೆ. ಅಮ್ಮ ಹೇಳಿದ್ಲು, ಹೋಗ್ಲಿ ಬಿಡೇ, ಯಾರಿಗೇನು ನಷ್ಟ ಅಂತ."

ಬದರಿ ಅವಳನ್ನೇ ನೋಡಿದ. "ಗೊತ್ತಿತ್ತು. ಗೊತ್ತಿದ್ದೂ ನನ್ನ ಆಡ್ಕೊಳ್ಳೋವಾಗೆಲ್ಲ ಪಕ್ಕದಲ್ಲೇ ಕೂತು ನಗ್ತಿದ್ದೆ."

ಶೋಭಾ ನಲ್ಲಿ ತಿರುಗಿಸಿದಳು.

ಸಿಂಚನಾ ದಿಂಬು ಎತ್ತಿಕೊಂಡು ಅಪ್ಪ ಅಮ್ಮನ ಕೋಣೆಗೆ ಹೋದಳು. ವಿಜಯದಶಮಿಯ ದಿನ ಪಟ್ಟದ ಗೊಂಬೆ ಮಲಗಿಸುವಾಗಲೂ ತಾತನ ಪಕ್ಕ ನಿಲ್ಲಲಿಲ್ಲ. "ತಾತ ರೂಮಲ್ಲಿ ಮಲಗ್ತೀಯಾ?" ಎಂದು ಶೋಭಾ ಕೇಳಿದರೆ, "ಡೋಂಟ್ ವಾಂಟ್" ಎಂದಳು. ಶೋಭಾಳ ಕೈಲಿದ್ದ ಒಂದು ವಾದವೂ ಹೋಯಿತು.

ದ್ವಾರಕನಾಥರು ಶೆಲ್ಟರಿನಿಂದ ತಮ್ಮ ಸೂಟ್‌ಕೇಸು ತೆಗೆದರು. ಅಳಿಯ ಆಫೀಸಿನಿಂದ ಬರುವವರೆಗೂ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಟಿಕೆಟ್ ಬುಕ್ ಮಾಡ್ಬಿಡಪ್ಪ."

"ಎಲ್ಲಿಗೆ ಮಾವ?"

ಮೈಸೂರಿನ ಮನೆ ಖಾಲಿ ಮಾಡಿ ಬಂದವರಿಗೆ ಹೋಗಲು ಜಾಗವಿಲ್ಲ ಎಂದು ಬದರಿಗೂ ಗೊತ್ತಿತ್ತು. ಅವನು ಸೂಟ್‌ಕೇಸನ್ನು ತಾನೇ ಎತ್ತಿ ಶೆಲ್ಟರಿನಲ್ಲಿಟ್ಟು ಬಂದ.

"ಪಾಸಿಗೆ ಸೈನ್ ಮಾಡಿ ಆಯ್ತು. ಆರಾಮಾಗಿ ಇರಿ. ನಿಮ್ಮ ಮನೆ ಇದ್ದ ಹಾಗೆ."

ಮಾವ ಎರಡೂ ಕೈ ಮುಗಿದರು. ಅವನು ಅದನ್ನು ನಿಂತು ನೋಡಿದ, ಬೇಡ ಎನ್ನಲಿಲ್ಲ.

ಮುಂದಿನ ವಾರ ಸುಭಾಷ್ ಮತ್ತೆ ಬಂದ, ಜೊತೆಗೆ ಹೊಸದಾಗಿ ಬೆಂಗಳೂರಿನಿಂದ ಶಿಫ್ಟ್ ಆದ ಇಬ್ಬರು ಹುಡುಗರು. ಬಾಲ್ಕನಿಯಲ್ಲಿ ನಿಂತು ಸುಭಾಷ್ ಮೆಲ್ಲಗೆ ಕೇಳಿದ: "ಕಳಿಸ್ಲಿಲ್ವಾ? ನಾನು ಕಳಿಸ್ತೀಯ ಅಂದ್ಕೊಂಡಿದ್ದೆ."

"ಯಾಕೆ ಕಳಿಸ್ಲಿ? ಎಲ್ಲ ಭಾರನೂ ಕಿತ್ತೇ ಹಾಕ್ಬೇಕು ಅಂತಿಲ್ಲ ಕಣೋ. ಕೆಳಗಿಳಿಸಿ ಇಟ್ರೆ ಹಡಗು ಇನ್ನೂ ನೆಟ್ಟಗಿರುತ್ತೆ." ಒಳಗೆ ಬಂದು ಕೂಗಿದ: "ಮಾವ, ಬನ್ನಿ! ಇವರಿಗೆ ನಾಲ್ಕನೇ ಟರೆಟ್ ಕಥೆ ಹೇಳಿ. ಇವರು ಕೇಳಿಲ್ಲ."

ದ್ವಾರಕನಾಥರು ಬಾಗಿಲಲ್ಲಿ ನಿಂತರು. ಶೋಭಾ "ಬೇಡಪ್ಪ, ಒಳಗೆ ಹೋಗಿ" ಎಂದಳು. ಅವರು ನೋಡುತ್ತಿದ್ದದ್ದು ಸೋಫಾದ ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಸಿಂಚನಾಳನ್ನು. ಅವಳು ಅವರ ಜೊತೆ ಮಾತು ಬಿಟ್ಟು ವಾರವಾಗಿತ್ತು. ಈಗ ಕಥೆಯ ಹೆಸರು ಕೇಳಿ ಪೆನ್ಸಿಲ್ ನಿಲ್ಲಿಸಿದ್ದಳು, ತುಟಿಯ ತುದಿಯಲ್ಲಿ ನಗುವಿನಂಥದ್ದು ಏನೋ ಇತ್ತು.

"ನಾಲ್ಕನೇ ಟರೆಟ್ಟು," ಎಂದರು ದ್ವಾರಕನಾಥರು, ಗಂಟಲು ಸರಿಮಾಡಿಕೊಂಡು, "ಅದು ಇರಲಿಲ್ಲ ನೋಡಿ. ಆದ್ರೂ ನಾನು ಅದರೊಳಗೇ ಇದ್ದೆ."

ಹುಡುಗರು ನಕ್ಕರು. ದ್ವಾರಕನಾಥರು ಇಲ್ಲದ ಬಾಗಿಲಿನಲ್ಲಿ ಬಗ್ಗಿ ಹೋದದ್ದನ್ನು ಪಂಚೆ ಎತ್ತಿಕೊಂಡು ಮಾಡಿ ತೋರಿಸಿದರು, ತಲೆ ಬಡಿದು "ಅಯ್ಯೋ" ಎಂದರು. ಗಾಳಿಯಲ್ಲಿ ದೋಸೆ ಹುಯ್ದರು, ಗಾಳಿಯಿಂದ ಕಡಲೆಕಾಯಿ ಸಿಪ್ಪೆ ಹಾಕಿದರು. ಸುಭಾಷ್ ಸೋಫಾದ ಮೇಲೆ ಹೊರಳಿದ. ಸಿಂಚನಾ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು, ಭುಜ ಕುಣಿಯುತ್ತಿತ್ತು. ಆಮೇಲೆ ಪುಸ್ತಕ ಜಾರಿಬಿತ್ತು. ಅವಳು ಮೊದಲಿನ ಹಾಗೆಯೇ ಬಾಯ್ತುಂಬ ನಗುತ್ತಿದ್ದಳು.

"ಅಗೇನ್, ತಾತ! ಅಗೇನ್ ಲಾ!"

ಮುದುಕರಿಗೆ ಏದುಸಿರು ಬಂದಿತ್ತು. ಬದರಿ ಕಾಲ ಮೇಲೆ ಕಾಲು ಹಾಕಿ ಕೂತು, ಮುಂದೆ ಹೇಳಿ ಎಂಬಂತೆ ತಲೆಯಾಡಿಸಿದ.

"ಪುಟ್ಟಿ," ಎಂದರು ದ್ವಾರಕನಾಥರು, ಗೋಡೆ ಹಿಡಿದುಕೊಂಡು, "ಐದನೇದೂ ಒಂದಿತ್ತು, ಗೊತ್ತಾ?"