ಕವರು ಬಿಚ್ಚಿ ನೋಡಲಿಲ್ಲ

ಇಟ್ಟಮಡುವಿನ ಗಂಗಾಧರಯ್ಯನವರಿಗೆ ಅರವತ್ತಾರನೆಯ ವಯಸ್ಸಿನಲ್ಲಿ ಸಿನಿಮಾದಲ್ಲಿ ಪಾರ್ಟು ಸಿಕ್ಕಿತು. ಅದೂ ಬೇರೆ ಯಾರದೋ ಪಾರ್ಟಲ್ಲ, ತಮ್ಮದೇ. ಆರು ವರ್ಷದ ಹಿಂದೆ ಬನಶಂಕರಿ ಕಡೆಯ ಬಸ್ ನಿಲ್ದಾಣವೊಂದರಲ್ಲಿ ಬಾಂಬು ಸಿಡಿದು ನಾಲ್ವರು ಸತ್ತಿದ್ದರು. ಆ ಬಾಂಬು ಇಟ್ಟವನು ಅದಕ್ಕೆ ಮುಂಚೆ ಹತ್ತೊಂಬತ್ತು ದಿನ ಬಾಡಿಗೆಗಿದ್ದದ್ದು ಇವರ ಮನೆಯ ತಾರಸಿ ಮೇಲಿನ ಶೀಟು ರೂಮಿನಲ್ಲಿ. ಈಗ ತನ್ಮಯಿ ಎಂಬ ಹುಡುಗಿ ಆ ಪ್ರಕರಣವನ್ನೇ ಸಿನಿಮಾ ಮಾಡುತ್ತಿದ್ದಳು. ಹುಡುಗಿ ಅಂದರೆ ಮೂವತ್ತು ದಾಟಿದ ಡೈರೆಕ್ಟರು. ಗಂಗಾಧರಯ್ಯನವರಿಗೆ ಬೆನ್ನ ಹಿಂದೆ ಹುಡುಗಿ, ಎದುರಿಗೆ ಮೇಡಂ. ಅವಳಿಗೆ ಎಲ್ಲವೂ ನಿಜವಾಗಿರಬೇಕೆಂಬ ಹಟ. ನಿಜವಾದ ಬೀದಿ, ನಿಜವಾದ ರೂಮು, ನಿಜವಾದ ಹಾಲಿನವನು. ಓನರ್ ಪಾತ್ರಕ್ಕೆ ಇಬ್ಬರು ನಟರನ್ನು ನೋಡಿ ಒಲ್ಲೆನೆಂದು, ಕೊನೆಗೆ ನೀವೇ ಮಾಡಿಬಿಡಿ ಅಂಕಲ್ ಎಂದಿದ್ದಳು.

ಗಂಗಾಧರಯ್ಯ ಬೇಡ ಅಂದರು. ಬೇಡ ಅನ್ನುವಾಗಲೇ ಮುಖ ಊರಗಲವಾಗಿತ್ತು. ಮಗ ರವಿಕಿರಣ್ ಅದೇ ಸಂಜೆ ನೆಂಟರ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ. ತಲಘಟ್ಟಪುರದ ಬೀಗರು ಫೋನು ಮಾಡಿ, ಶೂಟಿಂಗ್ ನೋಡಲು ಬರಬಹುದೇ ಎಂದು ಕೇಳಿದರು. ಇದೇ ಜಾಗದಲ್ಲಿ ಗಂಗಾಧರಯ್ಯನವರ ಅಪ್ಪ ರಾಗಿ ಬೆಳೆದಿದ್ದರು, ಇವರು ಮೂರು ಮಹಡಿ ಬೆಳೆದಿದ್ದರು. ಸಿನಿಮಾದಲ್ಲಿ ಕಾಣುವುದೊಂದೇ ಬಾಕಿಯಿತ್ತು.

ಆದರೆ ಆ ಪಾರ್ಟಿನಲ್ಲಿ ಒಂದು ಸುಳ್ಳಿತ್ತು. ಅದು ಯಾರ ಸುಳ್ಳೆಂದು ಲೋಕದಲ್ಲಿ ಗೊತ್ತಿದ್ದದ್ದು ಗಂಗಾಧರಯ್ಯ ಒಬ್ಬರಿಗೇ.

ಬಾಡಿಗೆದಾರರ ಆಧಾರ್ ಜೆರಾಕ್ಸನ್ನು ಎಸೆಯುವ ಅಭ್ಯಾಸ ನಮ್ಮ ಓನರುಗಳಿಗಿಲ್ಲ. ಜನ ಖಾಲಿ ಮಾಡಿಕೊಂಡು ಹೋದರೂ ಅವರ ಜೆರಾಕ್ಸು ಹಳೇ ಕರೆಂಟು ಬಿಲ್ಲಿನ ಜೊತೆ ಬೀರುವಿನಲ್ಲೇ ಕೂತಿರುತ್ತದೆ. ಶೀಟು ರೂಮಿಗೆ ಬಂದವನು ಮಾತಿಲ್ಲದೆ ಕೇಳಿದಷ್ಟು ಅಡ್ವಾನ್ಸು ಕೊಟ್ಟು, ಕಾಗದಪತ್ರ ಮುಂದಿನ ವಾರ ಕೊಡುತ್ತೇನೆಂದಿದ್ದ. ಗಂಗಾಧರಯ್ಯ ಆಗಲಿ ಅಂದಿದ್ದರು. ಬಾಂಬು ಸಿಡಿದ ಮಾರನೆಯ ದಿನ ಪೊಲೀಸರು ಬೀದಿಯ ಓನರುಗಳನ್ನೆಲ್ಲ ಸೇರಿಸಿ, ಸಂಜೆಯೊಳಗೆ ಬಾಡಿಗೆದಾರರ ಫಾರಂ ತಂದುಕೊಡಿ, ಯಾರ ಮನೆಯಲ್ಲಿ ದಾಖಲೆ ಇಲ್ಲವೋ ಅವರನ್ನು ಸುಮ್ಮನೆ ಬಿಡುವುದಿಲ್ಲ ಎಂದರು. ಶೀಟು ರೂಮಿಗೆ ಬೀಗ ಬಿದ್ದಿತ್ತು. ಅವನು ಊರಿಗೆ ಹೋಗಿರಬೇಕೆಂದುಕೊಂಡ ಗಂಗಾಧರಯ್ಯ ಬೀರು ತೆಗೆದು, ಎರಡು ತಿಂಗಳ ಹಿಂದೆ ಅದೇ ರೂಮು ಖಾಲಿ ಮಾಡಿ ಬಿಟಿಎಮ್ ಲೇಔಟಿಗೆ ಹೋಗಿದ್ದ ಭೀಮರಾಯನ ಜೆರಾಕ್ಸನ್ನು ಫಾರಂಗೆ ಪಿನ್ನು ಹೊಡೆದು ಕೊಟ್ಟರು. ಜೆರಾಕ್ಸಿನಲ್ಲಿ ಎಲ್ಲರ ಮುಖವೂ ಒಂದೇ ಮಸಿ. ಯಾರು ನೋಡುತ್ತಾರೆ ಅಂದುಕೊಂಡರು.

ನೋಡಿದರು. ನಾಲ್ಕನೆಯ ದಿನ ಬಾಂಬಿನವನ ಜಾಡು ಅದೇ ರೂಮಿಗೆ ಬಂದು ನಿಂತಿತು. ಫಾರಂಗೆ ಪಿನ್ನು ಹೊಡೆದಿದ್ದ ಜೆರಾಕ್ಸಿನಲ್ಲಿದ್ದದ್ದು ವಿಜಯಪುರದ ಕಡೆಯ, ಜಯನಗರದ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಟೋಕನ್ ಕೊಡುತ್ತಿದ್ದ ಭೀಮರಾಯನ ಹೆಸರು. ಕ್ಲಿನಿಕ್ಕಿನಿಂದಲೇ ಅವನನ್ನು ಎತ್ತಿಕೊಂಡು ಹೋದರು. ಈ ಜೆರಾಕ್ಸ್ ಯಾರು ಕೊಟ್ಟರು ಎಂದು ಇನ್‌ಸ್ಪೆಕ್ಟರು ಕೇಳಿದಾಗ ಗಂಗಾಧರಯ್ಯನವರ ಬಾಯಿಂದ ಬಂದದ್ದು, ರೂಮಿನವನು ಕವರಲ್ಲಿ ಹಾಕಿ ಕೊಟ್ಟ, ನಾನು ಬಿಚ್ಚಿ ನೋಡಲಿಲ್ಲ ಎಂಬ ಮಾತು. ಅಂದರೆ ಪೊಲೀಸರ ಲೆಕ್ಕಕ್ಕೆ ಭೀಮರಾಯನೇ ಬಾಂಬಿನವನಿಗೆ ತನ್ನ ಆಧಾರ್ ಕೊಟ್ಟಿರಬೇಕು. ಅವನನ್ನು ಒಂಬತ್ತು ದಿನ ಇಟ್ಟುಕೊಂಡು, ಬೇಕಾದಷ್ಟು ಹೊಡೆದು, ಏನೂ ಸಿಗದೆ ಬಿಟ್ಟರು. ತಿಂಗಳ ಮೇಲೆ ಸಿಕ್ಕಿಬಿದ್ದ ಬಾಂಬಿನವನು ಭೀಮರಾಯ ಯಾರೆಂದೇ ಗೊತ್ತಿಲ್ಲ ಅಂದ. ಅಷ್ಟು ಹೊತ್ತಿಗೆ ಆ ಜೆರಾಕ್ಸಿನ ಗೊಡವೆ ಯಾರಿಗೂ ಬೇಕಿರಲಿಲ್ಲ.

ಶೂಟಿಂಗಿನ ದಿನ ಬೆಳಿಗ್ಗೆ ಗಂಗಾಧರಯ್ಯ ಇಸ್ತ್ರಿ ಅಂಗಿ ತೊಟ್ಟು ಕಾಂಪೌಂಡಿನ ಕುರ್ಚಿಯಲ್ಲಿ ಕೂತಿದ್ದಾಗ ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ದಾಟಿಕೊಂಡು ಒಬ್ಬ ಹೆಂಗಸು ಬಂದಳು. ಭೀಮರಾಯನ ಹೆಂಡತಿ ಅನ್ನಪೂರ್ಣ. ಹಿಂದೆ ಇದೇ ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದವಳು. ಗುರುತು ಸಿಕ್ಕೊಡನೆ ಗಂಗಾಧರಯ್ಯ, ಬಾಮ್ಮ, ಕೂತ್ಕೊ ಎಂದು ತಾವೇ ಎದ್ದು ನಿಂತರು.

ಅವಳು ಕೂರಲಿಲ್ಲ. ಸಿನಿಮಾದ ಮೇಕಪ್ಪಿನವಳೊಬ್ಬಳು ಅವಳ ವಠಾರದಲ್ಲೇ ಇದ್ದಳಂತೆ, ಕಥೆಯನ್ನೆಲ್ಲ ಹೇಳಿದ್ದಳಂತೆ. ಕಥೆಯಲ್ಲಿ ವಿಜಯಪುರದ ಕಡೆಯ ಒಬ್ಬ ಕ್ಲಿನಿಕ್ ನೌಕರ ಐದು ಸಾವಿರ ಈಸಿಕೊಂಡು ತನ್ನ ಆಧಾರ್ ಮಾರುತ್ತಾನೆ. ಹೆಸರು ಬೇರೆ, ಮಿಕ್ಕಿದ್ದೆಲ್ಲ ಭೀಮರಾಯನೇ. ಠಾಣೆಯ ಆ ಒಂಬತ್ತು ದಿನ ಕಳೆದ ಮೇಲೆ ಎರಡು ವರ್ಷ ಅವನಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಈಗ ಜೆ.ಪಿ. ನಗರದ ಇನ್ನೊಂದು ಕ್ಲಿನಿಕ್ಕಿನಲ್ಲಿ ಹೇಗೋ ನೆಲೆ ಸಿಕ್ಕಿತ್ತು. ಸಿನಿಮಾ ಬಂದರೆ ಅದೂ ಹೋಗುತ್ತದೆ ಎಂದಳು.

"ಮಾಲಕರ, ಆ ಮೇಡಮ್ಮಾರಿಗೆ ನೀವೊಂದು ಮಾತು ಹೇಳ್ರಿ. ನಮ್ಮವರು ಯಾರಿಗೂ ಕಾಗದ ಕೊಟ್ಟವರಲ್ಲ ಅಂತ ಹೇಳ್ರಿ ಸಾಕು. ನಿಮ್ಮ ಮಾತು ಅವರು ಕೇಳ್ತಾರ. ನಮ್ಮ ಮಾತು ಯಾರು ಕೇಳ್ತಾರ್ರಿ?"

ಗಂಗಾಧರಯ್ಯ ಹೇಳ್ತೀನಿ ಅಂದರು. ಹಾಗೆ ಅಂದಾಗ ಹೇಳುವ ಮನಸ್ಸು ಇತ್ತು ಕೂಡ. ಆದರೆ ಭೀಮರಾಯ ಕೊಟ್ಟಿಲ್ಲ ಅಂದರೆ ಮತ್ತೆ ಯಾರು ಕೊಟ್ಟರು ಎಂದು ಡೈರೆಕ್ಟರು ಕೇಳದೆ ಬಿಡುತ್ತಾಳೆಯೇ? ಆ ಪ್ರಶ್ನೆಗಿದ್ದದ್ದು ಒಂದೇ ಉತ್ತರ. ಯೋಚಿಸುತ್ತ ಕೂತಿರುವಾಗಲೇ ಮೇಲಿನಿಂದ ಕರೆ ಬಂತು.

ತಾರಸಿಯ ತುಂಬ ಜನ. ಲೈಟು, ಕ್ಯಾಮೆರಾ, ಛತ್ರಿ. ಪಕ್ಕದ ತಾರಸಿಗಳ ಮೇಲೆ ಬೀದಿಯ ಹೆಂಗಸರು, ಬೀಗರು. ರವಿಕಿರಣ್ ಮೊಬೈಲ್ ಎತ್ತಿ ಹಿಡಿದಿದ್ದ. ಇನ್‌ಸ್ಪೆಕ್ಟರ್ ಪಾತ್ರದವನು ಹೆಸರುವಾಸಿ ನಟ, ನಿಜವಾದ ಇನ್‌ಸ್ಪೆಕ್ಟರಿಗಿಂತ ಚೆನ್ನಾಗಿ ಹೆದರಿಸುತ್ತಿದ್ದ. ಗಂಗಾಧರಯ್ಯನವರ ಪಾಲಿಗೆ ಇದ್ದದ್ದು ಒಂದೇ ಮಾತು. ಅದನ್ನು ಅವರಿಗೆ ಯಾರೂ ಬಾಯಿಪಾಠ ಮಾಡಿಸಬೇಕಿರಲಿಲ್ಲ. ಆದರೂ ಮೊದಲ ಸಲ ಕ್ಯಾಮೆರಾ ನೋಡಿಬಿಟ್ಟರು, ಎರಡನೆಯ ಸಲ ಕೆಮ್ಮು ಬಂತು. ಪರವಾಗಿಲ್ಲ ಅಂಕಲ್, ಆವತ್ತು ಹೇಗೆ ಹೇಳಿದ್ರೋ ಹಾಗೇ ಹೇಳಿ ಎಂದಳು ತನ್ಮಯಿ.

ಮೂರನೆಯ ಸಲ ಅವರ ಕಣ್ಣು ಮೆಟ್ಟಿಲ ಬಾಗಿಲ ಕಡೆ ಹೋಯಿತು. ಅಲ್ಲಿ ಅನ್ನಪೂರ್ಣ ನಿಂತಿದ್ದಳು. ಇವರು ಡೈರೆಕ್ಟರಿಗೆ ಯಾವಾಗ ಹೇಳುತ್ತಾರೋ ಎಂದು ಕಾಯುತ್ತಿದ್ದಳು.

"ಈ ಜೆರಾಕ್ಸ್ ನಿಮಗೆ ಯಾರ್ರೀ ಕೊಟ್ಟಿದ್ದು?" ಎಂದು ನಟ ಗದರಿದ.

"ಯಾರೂ ಕೊಡ್ಲಿಲ್ಲ ಸಾರ್. ಮನೇಲೇ ಇತ್ತು. ನಾನೇ ಹಾಕ್ದೆ."

ನಟ ಪಳಗಿದವನು, ತಡವರಿಸಲಿಲ್ಲ. ಯಾಕೆ ಹಾಕಿದ್ರಿ ಎಂದ.

"ಹೆದರಿಕೆ ಆಯ್ತು ಸಾರ್. ಅವನ ಕಾಗದ ನನ್ನ ಹತ್ರ ಏನೂ ಇರ್ಲಿಲ್ಲ. ಭೀಮರಾಯಂದು ಕೈಗೆ ಸಿಕ್ತು."

ಆರು ವರ್ಷ ಗಂಟಲಲ್ಲಿ ಕೂತಿದ್ದ ಮಾತು ಇಷ್ಟು ಸಲೀಸಾಗಿ ಹೊರಗೆ ಬಂದದ್ದಕ್ಕೆ ಗಂಗಾಧರಯ್ಯನವರಿಗೇ ಆಶ್ಚರ್ಯವಾಯಿತು. ಮೈ ಹಗುರಾಯಿತು. ಕಟ್ ಎಂದು ಕೂಗಿ ತನ್ಮಯಿ ಹತ್ತಿರ ಬಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಅವಳು ಮೆತ್ತಗೇ ಮಾತಾಡಿದಳು. ಆದರೆ ಜನ ಉಸಿರು ಬಿಗಿಹಿಡಿದಿದ್ದರು, ಎಲ್ಲರಿಗೂ ಕೇಳಿಸಿತು.

"ಅಂಕಲ್, ಇದು ಸ್ಕ್ರಿಪ್ಟಲ್ಲಿ ಇಲ್ಲ. ನಿಜವಾಗ್ಲೂ ಹಿಂಗೇ ಆಗಿದ್ದಾ? ಹಂಗಿದ್ರೆ ಹೇಳಿ. ಇವತ್ತಿನ ಶೂಟಿಂಗ್ ನಿಲ್ಲಿಸಿ ಕಥೆ ಬದಲಾಯಿಸ್ತೀನಿ."

ಹೌದು ಅಂದಿದ್ದರೆ ಆಗಿತ್ತು. ಒಂದೇ ಮಾತು, ಅರ್ಧ ಉಸಿರು. ಗಂಗಾಧರಯ್ಯ ತಲೆಯೆತ್ತಿದರು. ರವಿಕಿರಣ್ ಮೊಬೈಲ್ ಇಳಿಸಿ ಅಪ್ಪನನ್ನೇ ನೋಡುತ್ತಿದ್ದ. ಸೆರಗು ಬಾಯಿಗೆ ಹಿಡಿದ ಹೆಂಡತಿಯ ಕಿವಿಯಲ್ಲಿ ಬೀಗರು ಏನೋ ಹೇಳುತ್ತಿದ್ದರು. ಬೀದಿಯಲ್ಲಿ ಇವರಿಗೆ ನಮಸ್ಕಾರ ಹೇಳುವ ಮುಖಗಳೆಲ್ಲ ಒಟ್ಟಿಗೆ ಸಾಲಾಗಿ ನಿಂತಿದ್ದವು.

"ಇಲ್ಲ ಮೇಡಂ," ಎಂದರು. "ಬಾಯಿ ತಪ್ತು."

ತಾರಸಿ ಪೂರ್ತಿ ನಕ್ಕಿತು. ನಟ ಬೆನ್ನು ತಟ್ಟಿ, ನಮ್ಮ ಕೆಲಸಕ್ಕೇ ಕುತ್ತು ತರ್ತೀರಿ ಯಜಮಾನ್ರೆ ಅಂದ. ತನ್ಮಯಿ ಒಂದು ಗಳಿಗೆ ಅವರನ್ನೇ ನೋಡಿದಳು, ಆಮೇಲೆ ತಿರುಗಿ ಇನ್ನೊಂದು ಟೇಕ್ ಎಂದಳು. ನಾಲ್ಕನೆಯ ಸಲ ಗಂಗಾಧರಯ್ಯ ಎಲ್ಲಿಯೂ ತಡವರಿಸಲಿಲ್ಲ. ಕವರಲ್ಲಿ ಹಾಕಿ ಕೊಟ್ಟ ಸಾರ್, ನಾನು ಬಿಚ್ಚಿ ನೋಡ್ಲಿಲ್ಲ. ಆರು ವರ್ಷದ ಹಿಂದಿನ ಅದೇ ದನಿ, ಅದೇ ಬಗ್ಗಿದ ತಲೆ. ಎಲ್ಲರೂ ಚಪ್ಪಾಳೆ ಹೊಡೆದರು. ಅಂಥ ನಾಚಿಕೆಗೇಡಿನ ಚಪ್ಪಾಳೆಯನ್ನು ಅವರು ಕೈಮುಗಿದು ತೆಗೆದುಕೊಂಡರು. ಮೆಟ್ಟಿಲ ಬಾಗಿಲ ಕಡೆ ನೋಡಲು ಧೈರ್ಯ ಬರಲಿಲ್ಲ.

ಕೆಳಗಿಳಿದಾಗ ಅನ್ನಪೂರ್ಣ ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಉಗಿದರೂ ಉಗಿಯಲಿ, ಬೈದರೂ ಬೈಯಲಿ ಎಂದು ಗಂಗಾಧರಯ್ಯ ಎದುರಿಗೆ ಹೋಗಿ ನಿಂತರು. ಬೈದಿದ್ದರೆ ಒಳ್ಳೆಯದಿತ್ತು. ಅವಳ ದನಿ ಬೆಳಗಿನಷ್ಟೇ ಮೆತ್ತಗಿತ್ತು.

"ಮಾಲಕರ, ಆ ಒಂಬತ್ತು ದಿನದಾಗ ಠಾಣೆಕ ನಮ್ಮವರನ್ನ ನೋಡಾಕ ಬಂದವರು ನೀವೊಬ್ಬರೇ ಅಂತ. ಇವತ್ತಿಗೂ ಹೇಳ್ತಾರ್ರಿ. ಬೆಂಗಳೂರಾಗ ನಮಗ ಒಬ್ಬರರ ಇದ್ರಲ್ಲ ಅಂತಾರ." ಅವಳು ಸೆರಗು ಸರಿಮಾಡಿಕೊಂಡಳು. "ಇವತ್ತು ಮ್ಯಾಲೆ ನಾ ಕೇಳಿದ್ದು ಅವರಿಗೆ ಹೇಳಂಗಿಲ್ಲ. ಆ ನಂಬಿಕಿ ಒಂದರ ಅವರ ಕಡೆ ಇರ್ಲಿ."

ಆವತ್ತು ಗಂಗಾಧರಯ್ಯ ಠಾಣೆಗೆ ಹೋಗಿದ್ದು ಭೀಮರಾಯನನ್ನು ನೋಡಲಲ್ಲ, ಹೇಳಿಕೆಗೆ ಸಹಿ ಹಾಕಲು. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಭೀಮರಾಯ ಇವರನ್ನು ಕಂಡೊಡನೆ ಊದಿದ ಕೈ ಎತ್ತಿ ಮುಗಿದಿದ್ದ. ಇವರೂ ಮುಗಿದು, ಸಹಿ ಹಾಕಿ ಬಂದಿದ್ದರು. ಇದನ್ನಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ತಾರಸಿಯಿಂದ ಯಾರೋ ಬಗ್ಗಿ, ಕ್ಲೋಸಪ್ ಬಾಕಿ ಇದೆ, ಅದೇ ಮಾತು ಇನ್ನೊಂದು ಸಲ ಬೇಕು ಎಂದು ಕರೆದರು.

ಅನ್ನಪೂರ್ಣ ಗೇಟು ತೆಗೆದುಕೊಂಡು ಹೊರಟಳು. ಗಂಗಾಧರಯ್ಯ ಮೆಟ್ಟಿಲು ಹತ್ತಿದರು.