ಕೆಂಪು ಹಂಡೆ

ಬಟ್ಟೆಗೆ ಬಣ್ಣ ಹಾಕುವವರ ಆ ಮನೆಯ ಅಂಗಳದಲ್ಲಿ ಮೂರು ಹಂಡೆಗಳಿದ್ದವು: ನೀಲಿಯದೊಂದು, ಹಳದಿಯದೊಂದು, ಕೆಂಪಿನದೊಂದು. ಮೂರರಲ್ಲಿ ಕೆಂಪಿನದೇ ದೊಡ್ಡದು. ಅದರ ಒಲೆ ಆರಿದ ದಿನವನ್ನು ಕಂಡವರಿಲ್ಲವೆಂದು ಈ ಸಂಗತಿಯನ್ನು ಹೇಳುವವರೆಲ್ಲರೂ ಹೇಳುತ್ತಾರೆ. ಮನೆಯ ಯಜಮಾನನಿಗೆ ನಲವತ್ತರ ಆಸುಪಾಸು. ಕೆಂಪಿನಲ್ಲಿ ಹದಿನಾರು ಬಗೆಗಳನ್ನು ಬರಿಗಣ್ಣಿನಿಂದ ಗುರುತಿಸುತ್ತಿದ್ದ. ಇಪ್ಪತ್ತು ಎನ್ನುವವರೂ ಉಂಟು, ಹದಿನಾರೇ ಸಾಕು. ಅವನ ತಾಯಿ ಒಲೆಗಳನ್ನು ನೋಡಿಕೊಳ್ಳುತ್ತಿದ್ದಳು. ಮದುವೆಯಾಗದೆ ಉಳಿದ ತಂಗಿ ಒದ್ದೆ ಬಟ್ಟೆಗಳನ್ನು ಹಗ್ಗದ ಮೇಲೆ ಹರವುತ್ತಿದ್ದಳು. ಅಡುಗೆ, ಮನೆಯವರ ಬಟ್ಟೆ, ಒಂಬತ್ತು ವರ್ಷದ ಮಗಳ ಪಾಠ, ಇಷ್ಟೂ ಸೊಸೆಯ ಪಾಲಿನವು.

ಇಂಥ ಮನೆಯಲ್ಲಿ ಕೆಂಪು ಕಲೆಯೊಂದಕ್ಕೆ ಯಾರು ಲಕ್ಷ್ಯ ಕೊಡುತ್ತಾರೆ? ಗೋಡೆಗೆ ಕೆಂಪು, ಬಾಗಿಲ ಚಿಲಕಕ್ಕೆ ಕೆಂಪು, ಮಗಳ ಪುಸ್ತಕದ ಅಂಚಿಗೂ ಕೆಂಪು. ಗಂಡನ ಪಾಯಿಜಾಮದ ಹಿಂಬದಿಯಲ್ಲಿ ಮೊದಲ ಸಲ ಕಲೆ ಕಂಡಾಗ ಸೊಸೆ ಸೋಪು ಹಚ್ಚಿ ಉಜ್ಜಿ ಸುಮ್ಮನಾದಳು. ಎರಡು ವಾರ ಕಳೆದು ಮತ್ತೆ ಕಂಡಿತು. ಹಂಡೆಯ ಬಣ್ಣ ಒಣಗಿದರೂ ಕೆಂಪಾಗಿಯೇ ಇರುತ್ತದೆ. ಇದು ಕಂದಾಗಿತ್ತು, ಮಡಿಸಲು ಬಾರದಷ್ಟು ಗಡುಸಾಗಿತ್ತು.

"ರೀ, ಇದು ಯಾವ ಕೆಂಪು?"

"ಹಂಡೇದು."

"ಹದಿನಾರರಲ್ಲಿ ಎಷ್ಟನೇದು?"

"ಹದಿನೇಳನೇದು. ಹೊಸದು ಕಣೆ, ಇನ್ನೂ ಹೆಸರಿಟ್ಟಿಲ್ಲ" ಎಂದು ಅವನು ನಕ್ಕ. ನಕ್ಕ ತುಟಿಗಳು ಸುಣ್ಣ ಬಳಿದಂತೆ ಬಿಳುಚಿದ್ದವು.

ಅತ್ತೆ ಹಿಂದಿನಿಂದ ಬಂದವಳೇ ಆ ಪಾಯಿಜಾಮವನ್ನು ಸೊಸೆಯ ಕೈಯಿಂದ ತೆಗೆದುಕೊಂಡಳು. ಕೆಂಪು ಹಂಡೆಗೆ ಹಾಕಿ ಕೋಲಿನಿಂದ ಒತ್ತಿ ಮುಳುಗಿಸಿದಳು.

"ಅತ್ತೆ, ಏನ್ ಮಾಡ್ತಿದೀರಿ?"

"ಈ ಮನೆ ಪದ್ಧತಿ. ಸೊಂಟದಿಂದ ಕೆಳಗೆ ರಕ್ತ ಕಂಡ್ರೆ ಬಟ್ಟೆ ಹಂಡೆಗೆ ಹೋಗ್ಬೇಕು, ಮಾತು ಹೊಟ್ಟೆಗೆ ಹೋಗ್ಬೇಕು. ನಮ್ಮತ್ತೆ ನನಗೆ ಹೇಳಿದ್ರು, ಅವರಿಗೆ ಅವರತ್ತೆ. ಯಾರಾದ್ರೂ ಕೇಳಿದ್ರೆ ಸುಸ್ತು ಅನ್ನು."

"ಡಾಕ್ಟರ್ ಕೇಳಿದ್ರೆ?"

"ಡಾಕ್ಟರಿಗೂ ಹೆಂಡತಿ ಇದಾಳೆ, ಅವಳಿಗೂ ಬಾಯಿ ಇದೆ. ರಕ್ತ ಸೋರೋ ಮನೆ ಅಂತ ಹೆಸರು ಬಿದ್ರೆ, ನಾವು ಮುಟ್ಟಿದ ಬಟ್ಟೆ ಯಾರು ಮೈಮೇಲೆ ಹಾಕ್ಕೋತಾರೆ? ದೇಹದ ಉಷ್ಣ ಅದು. ಎರಡು ದಿನ ಹೊಟ್ಟೆ ಖಾಲಿ ಬಿಟ್ರೆ ತಾನಾಗಿ ಇಳಿಯುತ್ತೆ."

ಅಂದಿನಿಂದ ಕಲೆ ಕಂಡಾಗಲೆಲ್ಲ ಅವನಿಗೆ ಎರಡು ದಿನ ಉಪವಾಸ. ರಕ್ತ ಹೋಗಿ ಸೊರಗಿದ ದೇಹಕ್ಕೆ ಅನ್ನವೂ ಇಲ್ಲವಾಯಿತು. ಆರು ತಿಂಗಳಲ್ಲಿ ಅವನು ಹಂಡೆಯ ಕೋಲನ್ನು ಐದು ಸಲ ತಿರುಗಿಸುವಷ್ಟರಲ್ಲಿ ಕುಳಿತುಬಿಡುವವನಾದ; ಮೆಟ್ಟಿಲು ಹತ್ತಿದರೆ ಏದುಸಿರು. ಗಿರಾಕಿಗಳು ಕೇಳಿದರೆ ತಾಯಿ "ಸುಸ್ತು" ಎನ್ನುತ್ತಿದ್ದಳು, ಅವನೂ "ಸುಸ್ತು" ಎನ್ನುತ್ತಿದ್ದ. ಸೊಸೆ ಬೇಡಿದಳು, ಅತ್ತಳು, ಮಾತು ಬಿಟ್ಟಳು. ಅವನದು ಒಂದೇ ಉತ್ತರ: "ಅಮ್ಮನ ಎದುರು ಈ ವಿಷಯ ಎತ್ತಬೇಡ. ನನಗೇ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ."

ಒಂದು ಬೆಳಿಗ್ಗೆ ಕಕ್ಕಸಿನಲ್ಲಿ ಧೊಪ್ಪೆಂದು ಸದ್ದಾಯಿತು. ಸೊಸೆ ಬಾಗಿಲು ತಳ್ಳಿದಳು. ಅವನು ಗೋಡೆಗೊರಗಿ ಕುಸಿದಿದ್ದ. ನೆಲದ ಮೇಲಿದ್ದುದು ಕಲೆಯಾಗಿರಲಿಲ್ಲ, ಹರಿವಾಗಿತ್ತು; ನಡುವೆ ಹೆಪ್ಪುಗಟ್ಟಿದ ತುಣುಕುಗಳು. ಅತ್ತೆ ಮೊದಲು ಮಾಡಿದ ಕೆಲಸ ಬೀದಿ ಬಾಗಿಲಿಗೆ ಅಗಳಿ ಹಾಕಿದ್ದು.

"ಮಲಗಿಸು. ನೀರೂ ಕೊಡಬೇಡ. ಇವನಪ್ಪನಿಗೂ ಹೀಗೇ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಮಾವನವರಿಗೂ?"

"ನಿಂಗ್ಯಾಕೆ ಅದೆಲ್ಲ? ಕಾಲು ಹಿಡ್ಕೋ, ಎತ್ತೋಣ."

ಸೊಸೆ ಎತ್ತಿದಳು, ಆದರೆ ಒಳಕೋಣೆಯ ಕಡೆಗಲ್ಲ. ಅಗಳಿ ತೆಗೆದು, ಬಟ್ಟೆಯ ಗಂಟು ಒಯ್ಯಲು ಬಂದಿದ್ದ ವ್ಯಾನಿನವನನ್ನು ಕೂಗಿ ಕರೆದಳು. ಗಂಡನನ್ನು ಗಂಟುಗಳ ಮೇಲೆ ಮಲಗಿಸಿದರು. ನಾದಿನಿ ಓಡಿಬಂದು ಪಕ್ಕದಲ್ಲಿ ಕುಳಿತಳು. ಅತ್ತೆ ವ್ಯಾನಿನ ಬಾಗಿಲು ಹಿಡಿದು ತಗ್ಗಿದ ದನಿಯಲ್ಲಿ, "ಕೇಳಿದ್ರೆ ಸುಸ್ತು ಅನ್ನು. ಅಷ್ಟಾದ್ರೂ ನಡೆಸಿಕೊಡು" ಎಂದಳು.

ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಕುಳಿತವನು ತಲೆಯೆತ್ತದೆ ಕೇಳಿದ: "ಏನು ತೊಂದರೆ?"

ಆರು ತಿಂಗಳು ಅವಳು ಯಾರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳೋ ಅದೊಂದೂ ನಾಲಿಗೆಗೆ ಬರಲಿಲ್ಲ. ಹಿಂದೆ ಮೂವತ್ತು ಜನರ ಸಾಲು. ಅದರಲ್ಲಿ ತಮ್ಮದೇ ಗಿರಾಕಿಯೊಬ್ಬ.

"ಸುಸ್ತು" ಎಂದಳು.

ಅವನು ಐವತ್ತೆರಡನೆಯ ಚೀಟಿ ಕೊಟ್ಟ. ಒಳಗೆ ಹದಿನೆಂಟನೆಯವರು ಹೋಗಿದ್ದರು. ಬೆಂಚಿನ ಮೇಲೆ ಗಂಡನ ತಲೆ ಅವಳ ಹೆಗಲಿಗೆ ಬಿತ್ತು. ಅವನ ಅಂಗೈ ತಣ್ಣಗಾಗಿತ್ತು, ಹಣೆಯಲ್ಲಿ ಬೆವರಿತ್ತು. ಇಪ್ಪತ್ತಾರು, ಇಪ್ಪತ್ತೇಳು. ಅವನು ಏನೋ ಅಂದ. ಬಗ್ಗಿ ಕೇಳಿದರೆ ಮಗಳನ್ನು ಕರೆಯುತ್ತಿದ್ದ. ಮೂವತ್ತೊಂದು. ಬೆಂಚಿನ ಹಲಗೆಯ ಸಂದಿನಿಂದ ಒಂದು ಹನಿ ನೆಲಕ್ಕೆ ಬಿತ್ತು, ಅದರ ಪಕ್ಕ ಇನ್ನೊಂದು. ನಾದಿನಿ ತನ್ನ ಚಪ್ಪಲಿಯನ್ನು ಮೆಲ್ಲಗೆ ಸರಿಸಿ ಹನಿಗಳ ಮೇಲಿಟ್ಟಳು, ಯಾರೂ ನೋಡದಿರಲೆಂದು.

ಆ ಚಪ್ಪಲಿಯನ್ನು ನೋಡಿದ್ದೇ ಸೊಸೆ ಎದ್ದು ನಿಂತಳು.

"ನನ್ನ ಗಂಡನಿಗೆ ಮಲದ ದಾರೀಲಿ ರಕ್ತ ಹೋಗ್ತಿದೆ" ಎಂದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಆರು ತಿಂಗಳಿಂದ ಹೋಗ್ತಿದೆ. ಇವತ್ತು ನಿಂತಿಲ್ಲ. ನಾನು ಸುಸ್ತು ಅಂತ ಸುಳ್ಳು ಬರೆಸಿದೆ."

ನರ್ಸು ಓಡಿಬಂದಳು. ಗಾಲಿಮಂಚ ಬಂತು. ಎರಡೂ ತೋಳುಗಳಿಗೆ ಸೂಜಿ ಚುಚ್ಚಿದರು. ಒಂದರಲ್ಲಿ ಸಲೈನು, ಇನ್ನೊಂದರಲ್ಲಿ ಗುಂಪು ಹೊಂದಿಸಿದ ರಕ್ತ. ನಾಲ್ಕು ಚೀಲ ಏರಿದ ಮೇಲೆ ಅವನ ಉಗುರಿಗೆ ಬಣ್ಣ ಮರಳಿತು. "ಇನ್ನೊಂದು ಗಂಟೆ ಆ ಬೆಂಚಿನ ಮೇಲೆ ಇದ್ದಿದ್ರೆ ನಮ್ಮ ಕೈಲಿ ಏನೂ ಇರ್ತಿರಲಿಲ್ಲ" ಎಂದು ಡಾಕ್ಟರಮ್ಮ ಹೇಳಿದಳು. ಮರುದಿನ ಔಷಧದ ನೀರು ಕುಡಿಸಿ ಕರುಳನ್ನು ತೊಳೆದು, ತುದಿಯಲ್ಲಿ ದೀಪವಿರುವ ಸಣ್ಣ ಕೊಳವೆಯನ್ನು ಕೆಳಗಿನಿಂದ ಒಳಗೆ ಬಿಟ್ಟು ನೋಡಿದರು. ಕರುಳಿನ ಒಳಗೋಡೆಯ ತುಂಬ ಹಸಿ ಕಾಳಿನಂಥ ಗಂಟುಗಳು. ರಕ್ತ ಸುರಿಸುತ್ತಿದ್ದ ದೊಡ್ಡದನ್ನು ತಂತಿಯ ಕುಣಿಕೆಯಿಂದ ಕತ್ತರಿಸಿ, ಬುಡಕ್ಕೆ ಕ್ಲಿಪ್ಪು ಹಾಕಿ, ಪರೀಕ್ಷೆಗೆ ಕಳಿಸಿದರು.

ನಾಲ್ಕನೆಯ ದಿನ ಅವನು ಅನ್ನ ಉಂಡ. ಆರನೆಯ ದಿನ ಹೆಂಡತಿಯ ತೋಳು ಹಿಡಿದು ವರಾಂಡದ ತುದಿಯವರೆಗೆ ನಡೆದ. ರಕ್ತ ಹೆಚ್ಚಿಸುವ ಮಾತ್ರೆ ತಿಂಗಳುಗಟ್ಟಲೆ ನುಂಗಬೇಕು, ಉಪವಾಸ ಕೂಡದು, ಉಳಿದ ಗಂಟುಗಳಿಗೆ ಮುಂದೆ ಶಸ್ತ್ರಚಿಕಿತ್ಸೆಯೂ ಬೇಕಾದೀತು, ಮಲ ಕೆಂಪಾಗಲಿ ಕಪ್ಪಾಗಲಿ ಕಂಡ ದಿನವೇ ಬರಬೇಕು ಎಂದೆಲ್ಲ ಡಾಕ್ಟರಮ್ಮ ತಿಳಿಸಿ, ಮಂಚದ ಬಳಿ ನಿಂತ ತಾಯಿಯ ಕಡೆ ತಿರುಗಿದಳು.

"ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಹೀಗೆ ರಕ್ತ ಹೋಗಿತ್ತಾ?"

"ಯಾರಿಗೂ ಇಲ್ಲ."

"ಇವರ ತಂದೆ ಯಾವುದರಿಂದ ತೀರಿಕೊಂಡ್ರು?"

"ಸುಸ್ತಿನಿಂದ."

"ಅವರ ಅಣ್ಣತಮ್ಮಂದಿರು?"

"ಸುಸ್ತಿನಿಂದ."

"ಅಮ್ಮ, ನಾನು ನಿಮ್ಮ ಮರ್ಯಾದೆ ತೆಗೆಯೋಕೆ ಕೇಳ್ತಿಲ್ಲ. ಈ ಗಂಟು ಹೆತ್ತವರಿಂದ ಮಕ್ಕಳಿಗೆ ಇಳಿಯುತ್ತೆ. ಸಣ್ಣದಿದ್ದಾಗ ನೋಡಿದ್ರೆ ಕತ್ತರಿಸಬಹುದು. ಬಿಟ್ರೆ ಕ್ಯಾನ್ಸರ್ ಆಗುತ್ತೆ. ಇವರ ತಂಗೀನೂ ನೋಡಬೇಕು."

"ಅವಳಿಗೇನೂ ಆಗಿಲ್ಲ. ನಡಿಯೇ ಮನೆಗೆ" ಎಂದು ತಾಯಿ ಮಗಳ ಮಣಿಕಟ್ಟು ಹಿಡಿದಳು.

ಮಂಚದ ಮೇಲಿದ್ದವನು ಮಾತಾಡಿದ. "ಅಮ್ಮ, ಅವಳ ಬಟ್ಟೆ ನೋಡು. ಒಂದು ವರ್ಷದಿಂದ ಒಂದೊಂದೇ ಕೆಂಪಾಗ್ತಿವೆ. ನಾನು ಹಾಕಿದ ಬಣ್ಣ ಅಲ್ಲ ಅದು. ಒಂದು ಕಡೆ ದಟ್ಟ, ಒಂದು ಕಡೆ ತೆಳು. ನಮ್ಮ ಕಣ್ಣು ತಪ್ಪಿಸಿ ಅದ್ದಿದ್ದಾಳೆ." ಅವನು ತಂಗಿಯ ಕಡೆ ತಿರುಗಿದ. "ನನಗೆ ಗೊತ್ತಿತ್ತು. ನೋಡಿಯೂ ನೋಡದವನ ಹಾಗೆ ಇದ್ದೆ."

ತಂಗಿ ಕೈ ಬಿಡಿಸಿಕೊಂಡಳು.

"ಹದಿನಾಲ್ಕು ತಿಂಗಳಾಯ್ತು, ಡಾಕ್ಟರಮ್ಮ" ಎಂದಳು. "ಮೊದಲು ಹನಿ ಹನಿ ಹೋಗ್ತಿತ್ತು. ಈಗ ಮಲದ ಜೊತೆ ಬೆರೆತು ಬರುತ್ತೆ. ಅತ್ತಿಗೆ ಹತ್ರ ಹೇಳ್ಬೇಕು ಅಂತ ಎಷ್ಟೋ ಸಲ ಅಡುಗೆಮನೆ ತನಕ ಬಂದಿದ್ದೆ."

ಮರುದಿನವೇ ಅವಳಿಗೂ ಪರೀಕ್ಷೆಯಾಯಿತು. ಅವಳ ಕರುಳಿನಲ್ಲಿದ್ದುದು ಕುಣಿಕೆಗೆ ಸಿಗುವ ಗಾತ್ರದ್ದಾಗಿರಲಿಲ್ಲ. ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕೆಂದೂ, ಅದು ಎಲ್ಲಿಯವರೆಗೆ ಹಬ್ಬಿದೆಯೆಂಬುದನ್ನು ಈಗಲೇ ಹೇಳಲಾಗದೆಂದೂ ಡಾಕ್ಟರಮ್ಮ ಹೇಳಿದಳು. "ವರ್ಷದ ಹಿಂದೆ ಬಂದಿದ್ರೆ" ಎಂದು ಶುರು ಮಾಡಿದ ಮಾತನ್ನು ತಾಯಿಯ ಮುಖ ನೋಡಿ ಮುಗಿಸಲಿಲ್ಲ. ಆ ತಂಗಿ ಮುಂದೆ ಎಷ್ಟು ದಿನ ಬದುಕಿದಳೆಂಬ ಬಗ್ಗೆ ಹೇಳುವವರಲ್ಲಿ ಒಮ್ಮತವಿಲ್ಲ. ಆ ದಿನ ತಾಯಿ ಮಾಡಿದ್ದರ ಬಗ್ಗೆ ಎರಡು ಮಾತಿಲ್ಲ.

ಮಗಳನ್ನು ಒಳಗೆ ಕರೆದೊಯ್ದ ಬಾಗಿಲನ್ನು ಬಹಳ ಹೊತ್ತು ನೋಡುತ್ತಿದ್ದವಳು, ಎದ್ದು ಹೋಗಿ ಡಾಕ್ಟರಮ್ಮನ ಮೇಜಿನ ಎದುರು ಕುಳಿತಳು. ಸೊಸೆ ಹಿಂದೆಯೇ ಹೋಗಿ ನಿಂತಳು.

"ಬರ್ಕೊಳ್ಳಮ್ಮ" ಎಂದಳು ಅತ್ತೆ. "ನನ್ನ ಗಂಡ, ನಲವತ್ತಾರಕ್ಕೆ ಹೋದ್ರು. ರಕ್ತ ಹೋಗಿ. ಅವರಣ್ಣ, ನಲವತ್ತು ತುಂಬಿರಲಿಲ್ಲ. ಅವರ ಅಕ್ಕ, ಮೊದಲ ಹೆರಿಗೆ ಆದ ವರ್ಷ. ಹೆರಿಗೆಯಿಂದ ಅಂತ ಎಲ್ಲರಿಗೂ ಹೇಳಿದ್ವಿ. ನಮ್ಮ ಮಾವ."

ಡಾಕ್ಟರಮ್ಮ ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು ಗೆರೆಗಳಿಂದ ಕೂಡಿಸುತ್ತ ಹೋದಳು. ಸತ್ತವರದನ್ನು ಶಾಯಿಯಿಂದ ತುಂಬಿದಳು.

"ಇನ್ನೊಬ್ಬ ಇದ್ದ. ನನ್ನ ದೊಡ್ಡ ಮಗ. ಇವನು ಆಗ ಇನ್ನೂ ತೊಟ್ಟಿಲಲ್ಲಿದ್ದ. ಹತ್ತೊಂಬತ್ತು ವರ್ಷ ಅವನಿಗೆ." ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವನು ನನಗೆ ಬಂದು ಹೇಳಿದ್ದ. ಅಮ್ಮ, ರಕ್ತ ಬರ್ತಿದೆ, ಹೆದರಿಕೆ ಆಗ್ತಿದೆ ಅಂತ. ಬಾಯಿ ಮುಚ್ಚು ಅಂದೆ. ಮುಚ್ಕೊಂಡೇ ಹೋದ."

ಡಾಕ್ಟರಮ್ಮ ಇನ್ನೊಂದು ಚೌಕ ಬರೆದಳು. ಆಮೇಲೆ ಆ ಚೌಕವೂ ಕಪ್ಪಾಯಿತು.

ಅತ್ತೆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದಳು. ಬೆರಳು ಮಗ, ಸೊಸೆ ಇದ್ದಲ್ಲಿಗೆ ಬಂದು, ಅಲ್ಲಿಂದ ಕೆಳಗೆ ಏನೂ ಬರೆಯದ ಜಾಗದಲ್ಲಿ ನಿಂತಿತು.

"ಇಲ್ಲಿ ನನ್ನ ಮೊಮ್ಮಗಳು ಬರ್ತಾಳೆ" ಎಂದಳು. "ಒಂಬತ್ತು ವರ್ಷ. ಅವಳನ್ನ ಯಾವಾಗ ಕರ್ಕೊಂಡು ಬರ್ಲಿ ಹೇಳಮ್ಮ, ನಾನೇ ಬರ್ತೀನಿ."