ಬೋರಮ್ಮನ ಹನ್ನೊಂದು ಸೆಕೆಂಡು

“ಎಂಟನೇ ಕ್ಲಾಸಿಗೆ ಸ್ಕೂಲ್ ಬುಟ್ಟೋನ ಕೈಗೆ ಕಂಪ್ಯೂಟರ್ ಕೊಟ್ರೆ ಹಿಂಗೇ ಕಣ್ರೀ ಆಗೋದು. ಹೆಣದ ತಲೆದೆಸೇಲಿ ಇಡಕ್ಕೆ ಮುಖದ ಫೋಟೋ ತತ್ತಾ ಅಂದ್ರೆ, ಕೈ ತಂದವ್ನೆ.”

ಕೊಬ್ಬರಿ ವ್ಯಾಪಾರಿ ಮಲ್ಲಿಕಾರ್ಜುನಯ್ಯ ಇದನ್ನು ಬೋರಮ್ಮನ ಅಂಗಳದಲ್ಲಿ ನಿಂತು, ಚಟ್ಟ ಕಟ್ಟುತ್ತಿದ್ದವರೂ ಕೈ ನಿಲ್ಲಿಸಿ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಯಾರೋ ನಕ್ಕರು. ತಿಪಟೂರಿನ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಕಲ್ಲೇಶ್, ತಾನು ಕಟ್ಟು ಹಾಕಿಸಿ ತಂದ ಫೋಟೋ ಹಿಡಿದು ನಿಂತೇ ಇದ್ದ. ಅದರಲ್ಲಿದ್ದದ್ದು ಎರಡು ಕೈ. ಒಂದರಲ್ಲಿ ಮಚ್ಚು, ಇನ್ನೊಂದರಲ್ಲಿ ಅರ್ಧ ಕರಟ ಬಿಡಿಸಿದ ಉಂಡೆ ಕೊಬ್ಬರಿ.

ಬೋರಮ್ಮನದು ಅಂತ ಬೇರೆ ಫೋಟೋ ಇರಲಿಲ್ಲ. ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿದರೆ ಮಸಿ ಬಳಿದಂತಾಗಿತ್ತು. ಕಾಲೇಜು ಹುಡುಗರ ಸಿನಿಮಾದಲ್ಲಿ ಅವ್ವ ಇದ್ದಾಳಲ್ಲ, ಅದರಿಂದ ಒಂದು ತೆಗೆದುಕೊಂಡು ಬಾ ಎಂದು ಬೆಳಿಗ್ಗೆ ಫೋನು ಮಾಡಿದವಳು ಮಗಳು ಆಶಾ.

“ಅವ್ವ ಆವತ್ತು ಮುಖ ಕೊಟ್ಟಿದ್ಲು ಕಣಪ್ಪ,” ಎಂದಳು ಆಶಾ. “ನಾನ್ ಪಕ್ಕದಲ್ಲೇ ಇದ್ದೆ. ಎಲ್ಲೋಯ್ತು ಅದು?”

*

ಇಪ್ಪತ್ತಾರು ವರ್ಷ ಬೋರಮ್ಮ ಮಲ್ಲಿಕಾರ್ಜುನಯ್ಯನವರ ಶೆಡ್ಡಿನಲ್ಲಿ ಕರಟ ಒಡೆದಳು. ಒಂದು ದಿನ ಚೂರೊಂದು ಸಿಡಿದು ಎಡಗಣ್ಣಿಗೆ ಹೊಕ್ಕಿತು. ಸೆರಗಿನಲ್ಲಿ ಕಣ್ಣು ಒತ್ತಿಕೊಂಡು ಒಬ್ಬಳೇ ಆಸ್ಪತ್ರೆಗೆ ಬಸ್ಸು ಹತ್ತಿದಳು. ಮಾರನೇ ದಿನ ಅವಳ ಜಾಗದಲ್ಲಿ ಇನ್ನೊಬ್ಬಳು ಕೂತಿದ್ದಳು. ಆ ಕಣ್ಣು ಕಳೆದುಕೊಂಡು ತಿಂಗಳ ಮೇಲೆ ಕೆಲಸಕ್ಕೆ ವಾಪಸು ಬಂದ ಬೋರಮ್ಮ ಆಮೇಲೆ ಯಾವ ಕ್ಯಾಮೆರಾಕ್ಕೂ ಮುಖ ತೋರಿಸಲಿಲ್ಲ. ಮಗಳ ಮದುವೆ ಆಲ್ಬಮ್ಮಿನಲ್ಲೂ ಅವಳದು ಬರೀ ಸೆರಗು.

ಕೊಬ್ಬರಿ ಕೆಲಸದ ಮೇಲೆ ಸಿನಿಮಾ ಮಾಡಲು ಕಾಲೇಜಿನಿಂದ ಬಂದ ಜೀವಿತಾ ಅನ್ನುವ ವಿದ್ಯಾರ್ಥಿನಿ ಎರಡು ದಿನ ಕ್ಯಾಮೆರಾ ತೆರೆಯದೆ ಅವಳ ಪಕ್ಕ ಕೂತು ಕರಟ ಒಡೆಯುವುದು ಕಲಿತಳು. ಮೂರನೇ ದಿನ ಬೋರಮ್ಮ ತಾನಾಗಿಯೇ ಸೆರಗು ಸರಿಸಿದಳು.

“ಹಿಡಿ ಕಣವ್ವ. ಇದೂ ಕೊಬ್ಬರಿ ಕೆಲ್ಸದ್ದೇ.”

ಹನ್ನೊಂದು ಸೆಕೆಂಡು ಅವಳು ಹಾಗೇ ನೋಡಿದಳು. ಎಡಿಟ್ ಮಾಡಲು ಕೂತ ಕಲ್ಲೇಶ್ ಅದಕ್ಕೆ ಕತ್ತರಿ ಹಾಕಲಿಲ್ಲ, ಮ್ಯೂಸಿಕ್ಕೂ ಹಾಕಲಿಲ್ಲ.

ಕಾಲೇಜು ಕಮಿಟಿಯಲ್ಲಿದ್ದ ಮಲ್ಲಿಕಾರ್ಜುನಯ್ಯ ಮೇಷ್ಟರನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಬಂದರು. ನೋಡಿದರು. “ಮುಖ ಕಟ್ ಮಾಡು. ಕೈ ಸಾಕು, ಲಕ್ಷಣವಾಗವೆ,” ಎಂದರು. ಮೇಷ್ಟರು ತಲೆಯಾಡಿಸಿದರು. ವಾದಕ್ಕೆ ನಿಂತ ಜೀವಿತಾಗೆ, ಮಾರ್ಕು ಕಮ್ಮಿ ಆದೀತು ಎಂದರು. ಅವಳು ಹಿಂದೆ ಸರಿದಳು. ಕಲ್ಲೇಶ್ ಕಟ್ ಮಾಡಿದ.

ಕ್ಯಾಮೆರಾದ ಕಾರ್ಡನ್ನು ಕಾಲೇಜಿನವರೇ ಅಳಿಸಿ ಖಾಲಿ ಮಾಡಿಕೊಂಡರು. ಸ್ಟುಡಿಯೋದಲ್ಲಿ ಉಳಿದದ್ದನ್ನು, ಮದುವೆ ಸೀಸನ್ನಿಗೆ ಜಾಗ ಸಾಲದೆ ಅಳಿಸಿದ್ದು ಕಲ್ಲೇಶನದೇ ಬೆರಳು. ಅಳಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಸಿನಿಮಾ ತೋರಿಸಿದ ದಿನ ಶಾಲು ಹೊದಿಸಿದ್ದು ಮಲ್ಲಿಕಾರ್ಜುನಯ್ಯನವರಿಗೆ.

*

“ಹೋಗ್ಲಿ ಬುಡಮ್ಮ,” ಎಂದರು ಮಲ್ಲಿಕಾರ್ಜುನಯ್ಯ ಈಗ. “ಮೊಬೈಲ್ನಾಗೆ ಇಲ್ಲೇ ಒಂದು ಹಿಡೀಲಿ. ಹೆಂಗೂ ಕಣ್ಣು ಮುಚ್ಕಂಡವೆ. ಲಕ್ಷಣವಾಗಿ ಬತ್ತದೆ.”

ಆಶಾ ನಿಧಾನಕ್ಕೆ ಅವರ ಕಡೆ ತಿರುಗಿದಳು. ಅವಳೂ ಅದೇ ಶೆಡ್ಡಿಗೆ ಹೋಗುವವಳು.

“ಕಟ್ ಮಾಡಿದ್ದು ನಾನೇ ಅಕ್ಕ,” ಎಂದ ಕಲ್ಲೇಶ್. ಮಲ್ಲಿಕಾರ್ಜುನಯ್ಯನವರ ಕಡೆ ಬೆರಳು ಮಾಡಿದ. “ಮಾಡು ಅಂದೋರು ಇವ್ರು. ಉಳ್ದಿದ್ದನ್ನ ಅಳ್ಸಿದ್ದೂ ನಾನೇ. ಅದಕ್ಕೆ ನನ್ ಬೈಯಿ.”

ಆಶಾ ಬೈಯಲಿಲ್ಲ. ಫೋಟೋ ಇಸಿದುಕೊಂಡು ಅವ್ವನ ತಲೆದೆಸೆಗೆ ಒರಗಿಸಿದಳು. ವಿಭೂತಿ ಅದ್ದಿದ ಬೆರಳು ಹಣೆ ಹುಡುಕುತ್ತ ಗಾಜಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ಮಚ್ಚು ಹಿಡಿದ ಹೆಬ್ಬೆರಳಿಗೆ ಹಚ್ಚಿದಳು. ಹಿಂತಿರುಗದೆ ಕೇಳಿದಳು:

“ನಮ್ಮವ್ವನ ಕಣ್ಣು ಹೋಗಿದ್ದು ಎಲ್ಲಿ ಸಾವ್ಕಾರ್ರೇ? ಎಲ್ರೂ ಅವ್ರೆ. ಇಲ್ಲೇ ಹೇಳ್ಬುಡಿ.”

ಈ ಸಲ ಯಾರೂ ನಗಲಿಲ್ಲ. ಮಲ್ಲಿಕಾರ್ಜುನಯ್ಯ ತಂದಿದ್ದ ಹಾರವನ್ನು ಪಕ್ಕದವನ ಕೈಗಿಟ್ಟರು. ಬೋರಮ್ಮ ಒಲೆಗೆಂದು ತಂದು ಸುರಿದಿದ್ದ ಕರಟದ ಚೂರು ಅಂಗಳದ ತುಂಬ ಹರಡಿತ್ತು. ಒಂದೂ ಕಾಲಿಗೆ ಚುಚ್ಚದಂತೆ, ಪಂಚೆ ಎತ್ತಿ ಹಿಡಿದು, ನೋಡಿ ನೋಡಿ ಹೆಜ್ಜೆಯಿಡುತ್ತ ಅವರು ಕಾರಿನ ಕಡೆಗೆ ನಡೆದರು.